ಟ್ಯೂನ್ ಗೊತ್ತು, ಕಟ್ಟಿದವರ ಹೆಸರು ಗೊತ್ತಾ? ‘ಮಾಲ್ಗುಡಿ ಡೇಸ್’ ಸಂಗೀತ ಇಂದಿಗೂ ಕಾಡುವುದೇಕೆ?

ಬೇಗಂಪೇಟೆ (ಹೈದರಾಬಾದ್): ಸಂಜೆ ಆರು ಗಂಟೆ. ಬೇಗಂಪೇಟೆ ನಿಲ್ದಾಣದಿಂದ ಅಮೀರ್‌ಪೇಟೆ ಕಡೆಗೆ ಹೊರಟ ಮೆಟ್ರೊದಲ್ಲಿ ಕಾಲಿಡಲೂ ಜಾಗವಿಲ್ಲ ಎಂದುಕೊಳ್ಳಿ. ಒಬ್ಬರದು ತೆಲುಗು, ಇನ್ನೊಬ್ಬರದು ದಖ್ಖನಿ ಉರ್ದು, ಬಾಗಿಲ ಬಳಿ ನಿಂತ ಕಲಬುರಗಿಯ ಸಾಫ್ಟ್‌ವೇರ್ ಉದ್ಯೋಗಿಯದು ಕನ್ನಡ. ಅಷ್ಟರಲ್ಲಿ ಯಾರದೋ ಫೋನ್ ರಿಂಗಾಗುತ್ತದೆ. ಅದು ಸಿನಿಮಾ ಹಾಡಲ್ಲ, ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಗುನುಗು. ನಲವತ್ತು ದಾಟಿದವರ ಮುಖದಲ್ಲೆಲ್ಲ ಒಂದು ಸಣ್ಣ ನಗು ಮೂಡುತ್ತದೆ.

ಯಾವ ಭಾಷೆಯವರಿಗೂ ಅದನ್ನು ಅನುವಾದ ಮಾಡಿ ಹೇಳಬೇಕಿಲ್ಲ. ಏಕೆಂದರೆ ಅದರಲ್ಲಿ ಮಾತೇ ಇಲ್ಲ. ಆದರೆ ಅದೇ ಬೋಗಿಯಲ್ಲಿ ‘ಈ ಟ್ಯೂನ್ ಮಾಡಿದ್ದು ಯಾರು?’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಶಂಕರ್ ನಾಗ್ ಹೆಸರು ಬರಬಹುದು, ಆರ್.ಕೆ. ನಾರಾಯಣ್ ಹೆಸರು ಬರಬಹುದು. ಸಂಗೀತ ನಿರ್ದೇಶಕರ ಹೆಸರು ಮಾತ್ರ ಬರುವುದಿಲ್ಲ.

ಒಂದು ರಾಗ ಕೋಟ್ಯಂತರ ಜನರ ನೆನಪಿನಲ್ಲಿ ಉಳಿದು, ಅದನ್ನು ಕಟ್ಟಿದವರ ಹೆಸರು ಅಳಿಸಿಹೋಗುವುದು ಹೇಗೆ? ಶೀರ್ಷಿಕೆ ಸಂಗೀತ ಅಷ್ಟೊಂದು ಗಟ್ಟಿಯಾಗಿ ತಲೆಯಲ್ಲಿ ಕೂರುವುದೇಕೆ? ಕಾನೂನು ಏನು ಹೇಳುತ್ತದೆ? ಇಲ್ಲಿದೆ ವಿವರ.

ಶೀರ್ಷಿಕೆ ಸಂಗೀತದ ಕೆಲಸವೇನು?

ಚಿತ್ರಗೀತೆಗೂ ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಚಿತ್ರಮಂದಿರದಲ್ಲಿ ಪ್ರೇಕ್ಷಕ ಟಿಕೆಟ್ ಕೊಂಡು ಮೊದಲೇ ಕುಳಿತಿರುತ್ತಾನೆ. ಟಿವಿ ಮುಂದೆ ಹಾಗಲ್ಲ. ಒಬ್ಬರು ಅಡುಗೆಮನೆಯಲ್ಲಿ, ಇನ್ನೊಬ್ಬರು ಜಗಲಿಯಲ್ಲಿ, ಮಕ್ಕಳು ಬೀದಿಯಲ್ಲಿ. ಅವರೆಲ್ಲರನ್ನೂ ಒಂದೇ ಬಾರಿಗೆ ಕರೆದು ತಂದು ಕೂರಿಸಬೇಕಾದ್ದು ಈ ಸಂಗೀತ. ಒಂದರ್ಥದಲ್ಲಿ ಇದು ಶಾಲೆಯ ಗಂಟೆ ಇದ್ದಂತೆ.

ಈ ವಿದ್ಯೆ ಮೊದಲು ಬಂದದ್ದು ರೇಡಿಯೊದಿಂದ. ಆಕಾಶವಾಣಿಯ ಬೆಳಗಿನ ಸಂಕೇತ ಸಂಗೀತವನ್ನು 1930ರ ದಶಕದಲ್ಲಿ ಸಂಯೋಜಿಸಿದವರು ಯುರೋಪಿನಿಂದ ಮುಂಬೈಗೆ ಬಂದು ನೆಲೆಸಿದ್ದ ವಾಲ್ಟರ್ ಕೌಫ್‌ಮನ್. ದೂರದರ್ಶನದ ಸಂಕೇತ ಸಂಗೀತ ಮೊದಲು ಪ್ರಸಾರವಾದದ್ದು 1976ರ ಏಪ್ರಿಲ್ 1ರಂದು. ಅದರ ಹಿಂದಿದ್ದವರು ಪಂಡಿತ್ ರವಿಶಂಕರ್ ಹಾಗೂ ಶಹನಾಯಿ ವಾದಕ ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್. ಎರಡೂ ಕೆಲವೇ ಸೆಕೆಂಡುಗಳ ತುಣುಕುಗಳು. ಎರಡರಲ್ಲೂ ಒಂದಕ್ಷರ ಸಾಹಿತ್ಯವಿಲ್ಲ. ಆದರೂ ಅವು ಕೇಳಿದರೆ ಯಾವ ಕೇಂದ್ರ ಎಂದು ಯಾರೂ ಕೇಳುತ್ತಿರಲಿಲ್ಲ.

ಮಾಲ್ಗುಡಿಗೆ ದನಿ ಕೊಟ್ಟವರು

1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಬಂತು. ಕಥೆಗಳು ಆರ್.ಕೆ. ನಾರಾಯಣ್ ಅವರದು. ಶೀರ್ಷಿಕೆಯಲ್ಲಿ ಕಾಣುವ ರೇಖಾಚಿತ್ರಗಳು ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರದು. ನಿರ್ಮಾಪಕ ಟಿ.ಎಸ್. ನರಸಿಂಹನ್, ನಿರ್ದೇಶಕ ಶಂಕರ್ ನಾಗ್. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ಬಹುಪಾಲು ಚಿತ್ರೀಕರಣ ನಡೆದದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ರೈಲು ನಿಲ್ದಾಣದ ದೃಶ್ಯಗಳಿಗೆ ಬಳಕೆಯಾದ ಅರಸಾಳು ನಿಲ್ದಾಣದಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ.

ಮಾಲ್ಗುಡಿ ಎಂಬ ಊರು ಯಾವ ನಕ್ಷೆಯಲ್ಲೂ ಇಲ್ಲ. ಇಲ್ಲದ ಊರಿಗೆ ಲಕ್ಷ್ಮಣ್ ರೂಪ ಕೊಟ್ಟರೆ, ದನಿ ಕೊಟ್ಟವರು ಸಂಗೀತ ನಿರ್ದೇಶಕ ಎಲ್. ವೈದ್ಯನಾಥನ್. ಅವರು ಶೀರ್ಷಿಕೆಗೆ ಅರ್ಥವಿರುವ ಸಾಲುಗಳನ್ನು ಇಡಲಿಲ್ಲ. ಊರ ದಾರಿಯಲ್ಲಿ ನಡೆಯುತ್ತಾ ಯಾರೋ ತಮ್ಮಷ್ಟಕ್ಕೆ ಗುನುಗಿಕೊಂಡಂತೆ ಒಂದು ಸರಳ ಆಲಾಪವನ್ನಿಟ್ಟರು. ಹಿಂದಿಯಲ್ಲಿ ಪ್ರಸಾರವಾದ ಧಾರಾವಾಹಿ ಕನ್ನಡದವರಿಗೂ ತಮಿಳರಿಗೂ ತೆಲುಗರಿಗೂ ತಮ್ಮದೇ ಎನಿಸಲು ಇದೂ ಒಂದು ಕಾರಣ.

2020ರ ಲಾಕ್‌ಡೌನ್ ಹೊತ್ತಿನಲ್ಲಿ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಜೀ ಕನ್ನಡದಲ್ಲಿ ಬಂದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಪಾತ್ರಗಳ ಮಾತಿಗೆ ಡಬ್ಬಿಂಗ್ ಬೇಕು. ಗುನುಗಿಗೆ ಡಬ್ಬಿಂಗ್ ಬೇಕಿಲ್ಲ.

ಯಾರು ಈ ವೈದ್ಯನಾಥನ್?

ಸಂಗೀತಗಾರ ವಿ. ಲಕ್ಷ್ಮೀನಾರಾಯಣ ಅವರ ಮಗ. ವಿಶ್ವಖ್ಯಾತ ವಯಲಿನ್ ವಾದಕರಾದ ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್ ಇಬ್ಬರಿಗೂ ಅಣ್ಣ. ಸಿನಿಮಾ ಸಂಗೀತದಲ್ಲಿ ಅವರು ಕೆಲಸ ಕಲಿತದ್ದು ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ. ಇಳಯರಾಜ ಕೂಡ ಅದೇ ಗರಡಿಯಲ್ಲಿ ಪಳಗಿದವರು.

ತೆಲುಗು ಮನೆಮಾತಿನ ಜಿ.ಕೆ. ವೆಂಕಟೇಶ್ ಕನ್ನಡಕ್ಕೆ ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ‘ಸನಾದಿ ಅಪ್ಪಣ್ಣ’ದಂಥ ಚಿತ್ರಗಳ ಸಂಗೀತ ಕೊಟ್ಟವರು. ಅವರ ಶಿಷ್ಯ ವೈದ್ಯನಾಥನ್ ತಮಿಳು ಮನೆಯವರು. ಆದರೂ ಕನ್ನಡಿಗರ ಬಾಲ್ಯದ ಸದ್ದು ಯಾವುದು ಎಂದರೆ ಅವರ ಟ್ಯೂನ್ ನೆನಪಾಗುತ್ತದೆ. ದಕ್ಷಿಣದ ಸಿನಿಮಾ ಸಂಗೀತದಲ್ಲಿ ಭಾಷೆಯ ಗಡಿ ಎಷ್ಟು ತೆಳುವಾಗಿತ್ತು ಎಂಬುದಕ್ಕೆ ಈ ಗುರು-ಶಿಷ್ಯರೇ ಸಾಕ್ಷಿ.

ಕಾಶಿನಾಥ್ ನಿರ್ದೇಶನದ ‘ಅಪರಿಚಿತ’ (1978) ಚಿತ್ರದ ಸಂಗೀತವೂ ವೈದ್ಯನಾಥನ್ ಅವರದೇ. ವಾಣಿ ಜಯರಾಂ ಹಾಡಿದ ಸವಿನೆನಪಿನ ಆ ಗೀತೆಯನ್ನು ಇಂದಿಗೂ ಕಾಲೇಜು ಬೀಳ್ಕೊಡುಗೆ ಸಮಾರಂಭಗಳಲ್ಲಿ ಹಾಡುತ್ತಾರೆ. ಅಲ್ಲೂ ಅದೇ ಕಥೆ. ಹಾಡು ಗೊತ್ತು, ಗಾಯಕಿ ಗೊತ್ತು, ಸಂಗೀತ ನಿರ್ದೇಶಕರು ಮಾತ್ರ ಚಿತ್ರದ ಹೆಸರಿನಂತೆಯೇ ಅಪರಿಚಿತರು. ವೈದ್ಯನಾಥನ್ 2007ರ ಮೇ 19ರಂದು ನಿಧನರಾದರು.

ಮಾತೇ ಇಲ್ಲದ ಸಿನಿಮಾಕ್ಕೂ ಇವರೇ

1987ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ಒಂದು ಸಾಹಸಕ್ಕೆ ಕೈ ಹಾಕಿದರು. ಕಮಲ್ ಹಾಸನ್, ಅಮಲಾ ನಟಿಸಿದ, ಶೃಂಗಾರ್ ನಾಗರಾಜ್ ನಿರ್ಮಿಸಿದ ‘ಪುಷ್ಪಕ ವಿಮಾನ’ದಲ್ಲಿ ಒಂದೇ ಒಂದು ಸಂಭಾಷಣೆಯೂ ಇಲ್ಲ. ಬೆಂಗಳೂರಿನಲ್ಲಿ ಚಿತ್ರೀಕರಣವಾದ ಈ ಚಿತ್ರ ಕನ್ನಡ, ತೆಲುಗು, ತಮಿಳು, ಹಿಂದಿ ಪ್ರದೇಶಗಳಲ್ಲಿ ಆಯಾ ಭಾಷೆಯ ಶೀರ್ಷಿಕೆಯೊಂದಿಗೆ ತೆರೆ ಕಂಡಿತು. ಉತ್ತಮ ಮನರಂಜನೆಯ ಜನಪ್ರಿಯ ಚಿತ್ರಕ್ಕೆ ಕೊಡುವ ರಾಷ್ಟ್ರ ಪ್ರಶಸ್ತಿಯನ್ನೂ ಪಡೆಯಿತು.

ಮಾತಿಲ್ಲದ ಚಿತ್ರದಲ್ಲಿ ಹಿನ್ನೆಲೆ ಸಂಗೀತದ ಮೇಲೆ ದುಪ್ಪಟ್ಟು ಹೊರೆ ಬೀಳುತ್ತದೆ. ನಗು ಎಲ್ಲಿ, ಅಳು ಎಲ್ಲಿ, ಭಯ ಎಲ್ಲಿ ಎಂಬುದನ್ನು ಅದೇ ಹೇಳಬೇಕು. ಸ್ವಲ್ಪ ಹೆಚ್ಚಾದರೆ ದೃಶ್ಯ ಕೆಡುತ್ತದೆ, ಕಡಿಮೆಯಾದರೆ ಪ್ರೇಕ್ಷಕ ಆಕಳಿಸುತ್ತಾನೆ. ಆ ಹೊರೆ ಹೊತ್ತವರೂ ಎಲ್. ವೈದ್ಯನಾಥನ್. ಮಾಲ್ಗುಡಿ ಮತ್ತು ಪುಷ್ಪಕ, ಎರಡೂ ಹೆಚ್ಚುಕಡಿಮೆ ಒಂದೇ ಕಾಲದ ಕೆಲಸಗಳು. ಎರಡರಲ್ಲೂ ಅವರು ನಂಬಿದ್ದು ಒಂದನ್ನೇ: ಮಾತು ನಿಂತ ಕಡೆಯೂ ರಾಗ ಕಥೆ ಹೇಳಬಲ್ಲದು.

ಕೆಲವು ಟ್ಯೂನ್‌ಗಳು ತಲೆಯಿಂದ ಹೋಗುವುದೇ ಇಲ್ಲ, ಏಕೆ?

ಇದಕ್ಕೆ ವಿಜ್ಞಾನಿಗಳೂ ಉತ್ತರ ಹುಡುಕಿದ್ದಾರೆ. ಬೇಡವೆಂದರೂ ತಲೆಯಲ್ಲಿ ತಿರುಗುತ್ತಲೇ ಇರುವ ಟ್ಯೂನ್‌ಗೆ ಸಂಶೋಧಕರು ‘ಇಯರ್‌ವರ್ಮ್’ ಎನ್ನುತ್ತಾರೆ. ಬ್ರಿಟನ್‌ನ ಕೆಲ್ಲಿ ಯಾಕುಬೊವ್‌ಸ್ಕಿ ಮತ್ತು ಸಂಗಡಿಗರು ಸುಮಾರು 3,000 ಜನರನ್ನು ಪ್ರಶ್ನಿಸಿ, ಹೀಗೆ ಕಾಡುವ ಹಾಡುಗಳನ್ನು ಅಷ್ಟೇ ಜನಪ್ರಿಯವಾದರೂ ಕಾಡದ ಹಾಡುಗಳೊಂದಿಗೆ ಹೋಲಿಸಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಮುಖ್ಯವಾಗಿ ಮೂರು ಅಂಶ:

* ಕಾಡುವ ಟ್ಯೂನ್‌ಗಳ ವೇಗ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು.
* ರಾಗದ ಏರಿಳಿತ ಸರಳ. ಶಿಶುಗೀತೆಗಳಂತೆ ಮೊದಲು ಏರಿ, ಆಮೇಲೆ ಇಳಿಯುವಂಥದ್ದು.
* ಆ ಸರಳತೆಯ ನಡುವೆ ಎಲ್ಲೋ ಒಂದು ಕಡೆ ಅನಿರೀಕ್ಷಿತ ಜಿಗಿತ ಅಥವಾ ಪುನರಾವರ್ತನೆ.

ಅಂದರೆ ಹಾಡಲು ಸುಲಭವಿರಬೇಕು, ಆದರೆ ಪೂರ್ತಿ ಊಹಿಸುವಂತಿರಬಾರದು. ಇದಕ್ಕೆ ನಮ್ಮ ದೂರದರ್ಶನದ ದಿನಗಳು ಇನ್ನೆರಡು ಅಂಶ ಸೇರಿಸಿದವು. ಇದ್ದದ್ದು ಒಂದೇ ಚಾನೆಲ್, ಹಾಗಾಗಿ ಪ್ರತಿ ವಾರವೂ ಅದೇ ಟ್ಯೂನ್. ಜೊತೆಗೆ ಅದನ್ನು ಇಡೀ ಬೀದಿ ಒಟ್ಟಿಗೆ ಕೇಳುತ್ತಿತ್ತು. ಹೀಗಾಗಿ ಟ್ಯೂನ್ ಕೇಳಿದೊಡನೆ ನೆನಪಾಗುವುದು ಧಾರಾವಾಹಿ ಮಾತ್ರವಲ್ಲ. ಪಕ್ಕದ ಮನೆಯ ಟಿವಿ, ನೆಲದ ಮೇಲೆ ಕುಳಿತ ಅಜ್ಜಿ, ಛಾವಣಿ ಮೇಲೆ ಆಂಟೆನಾ ತಿರುಗಿಸುತ್ತಿದ್ದ ಅಣ್ಣ, ಎಲ್ಲರೂ ಅದರ ಜೊತೆಗೇ ಬರುತ್ತಾರೆ.

ಹೈದರಾಬಾದ್‌ನಿಂದ ಬಂದ ಕನ್ನಡದ ಸಂಜೆಗಳು

ಖಾಸಗಿ ವಾಹಿನಿಗಳು ಬಂದ ಮೇಲೂ ಈ ಕರೆಗಂಟೆ ನಿಲ್ಲಲಿಲ್ಲ. ಅದಕ್ಕೆ ಹೈದರಾಬಾದ್‌ನ ನಂಟೂ ಇದೆ. 2000ದಲ್ಲಿ ಶುರುವಾದ ಈಟಿವಿ ಕನ್ನಡ ಹೈದರಾಬಾದ್‌ನ ರಾಮೋಜಿ ಸಮೂಹದ ವಾಹಿನಿ. ಊರು ಬಿಟ್ಟು ಈ ನಗರಕ್ಕೆ ಬಂದು ಕನ್ನಡ ವಾಹಿನಿಗೆ ದುಡಿದವರು ಹಲವರು. ದೂರದರ್ಶನದಲ್ಲಿ ‘ಮಾಯಾಮೃಗ’ದ ಮೂಲಕ ಮನೆಮಾತಾಗಿದ್ದ ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ ಬಂದದ್ದು ಇದೇ ವಾಹಿನಿಯಲ್ಲಿ. ಭಾವಗೀತೆಯ ಧಾಟಿಯ ಅದರ ಶೀರ್ಷಿಕೆ ಗೀತೆ ಶುರುವಾದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಈಟಿವಿ ಕನ್ನಡವೇ 2015ರಲ್ಲಿ ಕಲರ್ಸ್ ಕನ್ನಡವಾಯಿತು.

‘ಸ್ಕಿಪ್ ಇಂಟ್ರೊ’ ಬಂತು, ಕರೆಗಂಟೆ ಹೋಯಿತೇ?

2017ರಲ್ಲಿ ನೆಟ್‌ಫ್ಲಿಕ್ಸ್ ‘ಸ್ಕಿಪ್ ಇಂಟ್ರೊ’ ಬಟನ್ ತಂದಿತು. ಐದು ವರ್ಷಗಳ ನಂತರ ಕಂಪನಿಯೇ ಹೇಳಿದಂತೆ ಜಗತ್ತಿನಾದ್ಯಂತ ದಿನಕ್ಕೆ 13.6 ಕೋಟಿ ಬಾರಿ ಜನ ಆ ಬಟನ್ ಒತ್ತುತ್ತಿದ್ದರು. ಒಂದೇ ರಾತ್ರಿ ಎಂಟು ಕಂತು ನೋಡುವವರಿಗೆ ಎಂಟು ಬಾರಿ ಅದೇ ಟ್ಯೂನ್ ಬೇಡವೆನಿಸುವುದು ಸಹಜ.

ಆದರೆ ಬಟನ್ ಒತ್ತಿದಾಗ ಹಾರಿಹೋಗುವುದು ಸಂಗೀತ ಮಾತ್ರವಲ್ಲ. ಸಂಗೀತ, ಸಾಹಿತ್ಯ, ಗಾಯನ ಯಾರದ್ದು ಎಂದು ತೆರೆಯ ಮೇಲೆ ಬರುವ ಹೆಸರುಗಳೂ ಅದರೊಂದಿಗೇ ಹೋಗುತ್ತವೆ. ಹಿಂದೆ ಹೆಸರು ತೆರೆಯ ಮೇಲೆ ಬಂದರೂ ನಾವು ಓದುತ್ತಿರಲಿಲ್ಲ. ಈಗ ಅದು ಬರುವ ಅವಕಾಶವೇ ಕಡಿಮೆ.

ಹೆಸರು, ಹಣ: ಕಾನೂನು ಏನು ಹೇಳುತ್ತದೆ?

ದಶಕಗಳ ಕಾಲ ಭಾರತದಲ್ಲಿ ನಿರ್ಮಾಪಕ ದುಡ್ಡು ಕೊಟ್ಟು ಮಾಡಿಸಿದ ಟ್ಯೂನ್ ನಿರ್ಮಾಪಕನದ್ದೇ ಎಂಬ ಸ್ಥಿತಿ ಇತ್ತು. ಗುತ್ತಿಗೆಯಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಹಕ್ಕಿನ ಮೊದಲ ಒಡೆಯ ನಿರ್ಮಾಪಕನೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಆ ಟ್ಯೂನ್ ಕ್ಯಾಸೆಟ್ ಆಗಲಿ, ಜಾಹೀರಾತಾಗಲಿ, ಸಂಯೋಜಕರಿಗೆ ಪಾಲು ಸಿಗುವ ಖಾತರಿ ಇರಲಿಲ್ಲ.

ಈ ಸ್ಥಿತಿ ಬದಲಾದದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿಯಿಂದ. ಆಗ ರಾಜ್ಯಸಭಾ ಸದಸ್ಯರಾಗಿದ್ದ ಗೀತರಚನಕಾರ ಜಾವೇದ್ ಅಖ್ತರ್ ಇದಕ್ಕಾಗಿ ಗಟ್ಟಿ ದನಿ ಎತ್ತಿದ್ದರು. ಅದರ ಪ್ರಕಾರ:

* ಚಿತ್ರಮಂದಿರದಲ್ಲಿ ಚಿತ್ರದ ಜೊತೆಗಿನ ಪ್ರದರ್ಶನ ಬಿಟ್ಟು, ಬೇರೆ ಯಾವುದೇ ರೂಪದ ಬಳಕೆಯ ರಾಯಧನದಲ್ಲಿ ಸಂಗೀತ ಮತ್ತು ಸಾಹಿತ್ಯ ರಚಿಸಿದವರಿಗೆ ಸಮಪಾಲು ಹಕ್ಕಿದೆ.
* ಈ ಹಕ್ಕನ್ನು ‘ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆಸಿಕೊಂಡರೂ ಅದು ಊರ್ಜಿತವಲ್ಲ.

ಇನ್ನು ಹೆಸರಿನ ವಿಚಾರ. ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಕೃತಿಸ್ವಾಮ್ಯವನ್ನು ಪೂರ್ತಿ ಮಾರಿದ ಮೇಲೂ ‘ಈ ಕೃತಿ ನನ್ನದು’ ಎಂದು ಹೇಳಿಕೊಳ್ಳುವ ಹಕ್ಕು ರಚಿಸಿದವರಿಗೆ ಉಳಿಯುತ್ತದೆ. ಕಾನೂನು ಹಕ್ಕು ಕೊಡಬಹುದು. ಹೆಸರನ್ನು ನೆನಪಿಟ್ಟುಕೊಳ್ಳುವಂತೆ ಕೇಳುಗರಿಗೆ ಆದೇಶ ಕೊಡಲಾರದು.

ನಾವೇನು ಮಾಡಬಹುದು?

ದೊಡ್ಡ ಕೆಲಸವೇನಲ್ಲ. ಹಳೆಯ ಟ್ಯೂನ್ ಹಾಕಿ ರೀಲ್ಸ್ ಮಾಡುವವರು ‘ನೈಂಟೀಸ್ ನೆನಪು’ ಎಂದಷ್ಟೇ ಬರೆಯುವ ಬದಲು ಸಂಗೀತ ಯಾರದ್ದು ಎಂದು ಒಂದು ಸಾಲು ಸೇರಿಸಬಹುದು. ಇಷ್ಟದ ಧಾರಾವಾಹಿಯ ಮೊದಲ ಕಂತಿನಲ್ಲಾದರೂ ಸ್ಕಿಪ್ ಬಟನ್ ಒತ್ತದೆ ಶೀರ್ಷಿಕೆ ನೋಡಬಹುದು. ವಾದ್ಯಗೋಷ್ಠಿಗಳಲ್ಲಿ ಹಾಡುವ ಮೊದಲು ಗಾಯಕರ ಹೆಸರಿನ ಜೊತೆಗೆ ಸಂಗೀತ ನಿರ್ದೇಶಕರ ಹೆಸರನ್ನೂ ಹೇಳಬಹುದು.

ಬೇಗಂಪೇಟೆಯಿಂದ ಅಮೀರ್‌ಪೇಟೆಗೆ ಮೆಟ್ರೊದಲ್ಲಿ ಒಂದೇ ನಿಲ್ದಾಣ. ಅಷ್ಟರೊಳಗೆ ಆ ಫೋನ್ ಮತ್ತೊಮ್ಮೆ ರಿಂಗಾಗಿ, ಪಕ್ಕದಲ್ಲಿ ನಿಂತವರು ನಕ್ಕರೆ, ಹೇಳಲು ಎರಡೇ ಪದ ಸಾಕು: ‘ಎಲ್. ವೈದ್ಯನಾಥನ್’. ಅದಕ್ಕೂ ಅನುವಾದ ಬೇಕಿಲ್ಲ.