ಸುಟ್ಟ ಕಾಡಿನಲ್ಲಿ ಶನಿವಾರದ ಗುದ್ದಲಿ

"ಅಮೆರಿಕಕ್ಕೆ ಹೋಗಿ ಬಸಿಗಾಲುವೆ ಬಿಡಿಸ್ತಿದೀಯಾ? ಊರಿಗೆ ಬಂದಾಗ ಗುದ್ದಲಿ ಮುಟ್ಟಲ್ವಲ್ಲೋ!"

ವಿಡಿಯೊ ಕಾಲ್‌ನಲ್ಲಿ ನನ್ನ ಕೆಸರು ಬೂಟು ನೋಡಿ ಅಪ್ಪ ನಕ್ಕುಬಿಟ್ಟರು. ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಎಂಜಿನಿಯರಿಂಗ್ ಮುಗಿಸಿ, ಸ್ಯಾನ್ ಹೋಸೆಯಲ್ಲಿ ಕೋಡ್ ಬರೆಯೋ ನನಗೆ ಉತ್ತರ ಹೊಳೆಯಲಿಲ್ಲ. ಅವರು ಹೇಳಿದ್ದು ನಿಜವೇ.

ನಾನು ಹೋಗ್ತಿರೋದು ಬಿಗ್ ಬೇಸಿನ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿಗೆ. ಕ್ಯಾಲಿಫೋರ್ನಿಯಾದ ಅತಿ ಹಳೆಯ ಸ್ಟೇಟ್ ಪಾರ್ಕ್ ಇದು. 1900ರಲ್ಲಿ ಆಂಡ್ರ್ಯೂ ಹಿಲ್ ಎಂಬ ಫೋಟೊಗ್ರಾಫರ್ ಮತ್ತು ಅವರ ಗೆಳೆಯರು ಸೆಂಪರ್‌ವೈರೆನ್ಸ್ ಕ್ಲಬ್ ಕಟ್ಟಿ, ಈ ಮರಗಳು ಗರಗಸಕ್ಕೆ ಹೋಗದಂತೆ ಹೋರಾಡಿದರು. 1902ರಲ್ಲಿ ಪಾರ್ಕ್ ಆಯಿತು. ಅಂದರೆ ಇದು ಶುರುವಾಗಿದ್ದೇ ಸಂಬಳ ಕೇಳದೆ ದುಡಿದವರಿಂದ.

ಒಂದು ರಾತ್ರಿಯ ಬೆಂಕಿ

2020ರ ಆಗಸ್ಟ್‌ನಲ್ಲಿ ಮಳೆಯಿಲ್ಲದ ಸಿಡಿಲು ಬಡಿದು ಹೊತ್ತಿದ ಬೆಂಕಿ ಪಾರ್ಕನ್ನು ಬಹುತೇಕ ಪೂರ್ತಿ ಸುಟ್ಟಿತು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಯುವಕರು ಕಟ್ಟಿದ್ದ ಮರದ ಮುಖ್ಯ ಕಚೇರಿ ಬೂದಿಯಾಯಿತು. ಆದರೆ ಹಳೆಯ ರೆಡ್‌ವುಡ್‌ಗಳಲ್ಲಿ ಹೆಚ್ಚಿನವು ಬದುಕಿದವು. ಅವುಗಳ ತೊಗಟೆ ಅಷ್ಟು ದಪ್ಪ. ಕಪ್ಪಾದ ಕಾಂಡದ ಮೇಲೆಲ್ಲ ಹಸಿರು ಚಿಗುರು ಹೊದ್ದು ನಿಂತಿರೋದನ್ನ ನೋಡಿದರೆ ಮಾತೇ ಹೊರಡಲ್ಲ. ಪಕ್ಕದ ಡಗ್ಲಸ್ ಫರ್ ಮರಗಳಿಗೆ ಆ ಅದೃಷ್ಟ ಇರಲಿಲ್ಲ. 2022ರ ಜುಲೈನಲ್ಲಿ ಪಾರ್ಕಿನ ಒಂದು ಭಾಗ ಮಾತ್ರ ಮತ್ತೆ ತೆರೆಯಿತು.

ಮರ ತಾನೇ ಚಿಗುರುತ್ತೆ, ಸರಿ. ಕಾಲುದಾರಿ ಚಿಗುರಲ್ಲವಲ್ಲ!

ನೀರಿಗೆ ದಾರಿ ಮಾಡಿ

ಬೆಂಕಿಯ ನಂತರ ಮಣ್ಣನ್ನು ಹಿಡಿಯೋ ಗಿಡಗಂಟಿ ಇರಲ್ಲ. ಮಳೆ ಬಂದರೆ ನೀರು ನೇರ ಕಾಲುದಾರಿಗೇ ಇಳಿದು ಅದನ್ನು ಹಳ್ಳ ಮಾಡುತ್ತೆ. ಹಾಗಾಗಿ ದಾರಿಯನ್ನು ಇಳಿಜಾರಿನ ಕಡೆಗೆ ಸ್ವಲ್ಪ ವಾಲಿಸಬೇಕು, ಅಂಚಲ್ಲಿ ಕಟ್ಟಿಕೊಂಡ ಮಣ್ಣಿನ ದಿಬ್ಬ ಕೆರೆದು ತೆಗೀಬೇಕು. ಇದಕ್ಕೆ ಮಕ್ಲೌಡ್ ಅನ್ನೋ ಸಲಕರಣೆ ಇದೆ: ಒಂದು ಕಡೆ ಗುದ್ದಲಿಯ ಅಲಗು, ಇನ್ನೊಂದು ಕಡೆ ಹಲ್ಲುಗಳು. ಮೊದಲ ದಿನ ನಾನು ಇಪ್ಪತ್ತು ಅಡಿ ಮಾಡುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ. ಪಕ್ಕದಲ್ಲಿದ್ದ ನಿವೃತ್ತ ಟೀಚರ್ ಅಷ್ಟರಲ್ಲಿ ತಿರುವು ದಾಟಿದ್ದರು.

ಇನ್ನೊಂದು ಕೆಲಸ ಫ್ರೆಂಚ್ ಬ್ರೂಮ್ ಕೀಳೋದು. ಹಳದಿ ಹೂವಿನ, ನೋಡೋಕೆ ಚೆಂದದ ಹೊರನಾಡಿನ ಕಳೆ. ಇದರ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಕಾದು, ಬೆಂಕಿ ಬಿದ್ದ ಮೇಲೆ ಒಟ್ಟಿಗೇ ಮೊಳೆಯುತ್ತೆ. ಕತ್ತರಿಸಿದರೆ ಬುಡದಿಂದ ಮತ್ತೆ ಬರುತ್ತೆ. ಮಳೆಯಾಗಿ ನೆಲ ಮೆದುವಾದಾಗ ಬೇರು ಸಮೇತ ಕೀಳಬೇಕು, ಮುಂದಿನ ವರ್ಷ ಅದೇ ಜಾಗಕ್ಕೆ ಮತ್ತೆ ಹೋಗಬೇಕು. ಒಂದೇ ಸಲ ಫಿಕ್ಸ್ ಮಾಡಿ ಟಿಕೆಟ್ ಕ್ಲೋಸ್ ಮಾಡೋ ನನ್ನಂಥವನಿಗೆ ಇದು ಒಳ್ಳೆ ಪಾಠ.

ನಮ್ಮ ಗುಂಪಿನಲ್ಲಿ ಬಹುತೇಕರಿಗೆ ಅರವತ್ತು ದಾಟಿದೆ. "ನಮ್ಮ ಮೊಣಕಾಲು ಇನ್ನೆಷ್ಟು ವರ್ಷ ಕೇಳುತ್ತೋ" ಅಂತ ಒಬ್ಬರು ತಮಾಷೆಯಾಗಿ ಅಂದರು. ನನಗೆ ತಮಾಷೆ ಅನ್ನಿಸಲಿಲ್ಲ. ವಾರಾಂತ್ಯ ಬಂದು ಫೋಟೊ ತೆಗೆದು ಹೋಗೋ ನಮ್ಮ ವಯಸ್ಸಿನವರು ಬಹಳ, ಗುದ್ದಲಿ ಹಿಡಿಯೋರು ಕಡಿಮೆ.

ಬೇ ಏರಿಯಾದಲ್ಲಿರೋ ಕನ್ನಡದ ಗೆಳೆಯರೇ, ತಿಂಗಳಿಗೊಂದು ಬೆಳಗ್ಗೆ ಬಿಡುವು ಮಾಡ್ಕೊಳ್ಳಿ. ತುಂಬು ತೋಳಿನ ಅಂಗಿ, ಗಟ್ಟಿ ಬೂಟು, ಕೈಗವಸು, ನೀರು, ಬುತ್ತಿ ಇದ್ದರೆ ಸಾಕು. ಮೂರೆಲೆಯ ಪಾಯ್ಸನ್ ಓಕ್ ಮಾತ್ರ ಮುಟ್ಟಬೇಡಿ. ಅದು ನಮ್ಮ ಗೇರಿನ ಕುಟುಂಬದ್ದೇ, ಗೇರು ಸೊನೆ ತಾಗಿದ ಹಾಗೆ ಚರ್ಮ ಸುಡುತ್ತೆ.

ಈ ಮೇ ತಿಂಗಳಿಗೆ ಊರಿಗೆ ಟಿಕೆಟ್ ಆಗಿದೆ. ಮಳೆಗೆ ಮುಂಚೆ ಬಸಿಗಾಲುವೆ ಬಿಡಿಸೋಕೆ ಆಳು ಸಿಗ್ತಿಲ್ಲ ಅಂತ ಅಪ್ಪ ಹೇಳ್ತಾನೇ ಇರ್ತಾರೆ. ಈ ಸಲ ನಂಗೂ ಒಂದು ಗುದ್ದಲಿ ಎತ್ತಿಡಿ ಅಂದಿದ್ದೀನಿ. ಅವರಿನ್ನೂ ನಂಬಿಲ್ಲ.