ಸಾಹಸ ವಾಙ್ಮಯವೂ ತರುಣರೂ: ಅಮುಂಡ್ಸೆನ್ನನ ನಿದರ್ಶನ

ಸಾಹಸಯಾತ್ರೆಗಳ ಗ್ರಂಥಗಳನ್ನೋದಿದ ತರುಣರು ಮನೆಯ ಸುಖವನ್ನು ಹಗುರವಾಗೆಣಿಸಿ ಕಾಡು, ಮಲೆ, ಹಿಮಪ್ರದೇಶಗಳಿಗೆ ಮನಸೋಲುವುದುಂಟು. ಇವು ಎಳೆಯರನ್ನು ಹುಚ್ಚುಸಾಹಸಕ್ಕೆ ನೂಕುವುವೆಂದು ಕೆಲವರು ಶಂಕಿಸುವರು. ಧೈರ್ಯವನ್ನು ಬೆಳೆಯಿಸುವುವೆಂದು ಕೆಲವರು ಹೊಗಳುವರು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಗ್ರಂಥವು ಹುಟ್ಟಿಸಿದ ಆಸೆಯು ಯೋಗ್ಯತೆಯಾಗಿ ಪರಿಣಮಿಸುವುದು ಹೇಗೆಂಬುದಕ್ಕೆ ನಾರ್ವೆಯ ರೋಅಲ್ಡ್ ಅಮುಂಡ್ಸೆನ್ನನ (1872–1928) ಜೀವನವು ಉತ್ತಮ ನಿದರ್ಶನವಾಗಿದೆ.

ಅಮುಂಡ್ಸೆನ್ನನಿಗೆ ಹದಿನೈದು ವರ್ಷವಾಗಿದ್ದಾಗ ಇಂಗ್ಲೆಂಡಿನ ನಾವಿಕನಾದ ಸರ್ ಜಾನ್ ಫ್ರಾಂಕ್ಲಿನ್ನನ ಯಾತ್ರಾವೃತ್ತಾಂತಗಳು ಅವನ ಕೈಗೆ ಬಂದುವು. ಫ್ರಾಂಕ್ಲಿನ್ನನು 1819ರಿಂದ 1822ರ ವರೆಗೆ ಕೆನಡಾದ ಉತ್ತರ ತೀರವನ್ನು ಶೋಧಿಸಲು ಹೋಗಿ ಅನುಭವಿಸಿದ ಕಷ್ಟಗಳು ಘೋರವಾದುವು. ಆ ತಂಡದವರು ಕಲ್ಲುಹೂವನ್ನೂ ಹಳೆಯ ಪಾದರಕ್ಷೆಗಳ ತೊಗಲನ್ನೂ ತಿಂದು ಜೀವ ಹಿಡಿದರು, ಹಲವರು ಸತ್ತರು, ಉಳಿದವರನ್ನು ಬದುಕಿಸಿದವರು ಆ ನಾಡಿನ ಮೂಲನಿವಾಸಿಗಳು. ಬಾಲಕನನ್ನು ಸೆಳೆದುದು ಈ ಕಷ್ಟಗಳೇ ಎಂದು ಅವನು ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿರುವನು. ಚಳಿಗಾಲದಲ್ಲಿಯೂ ಕಿಟಕಿಗಳನ್ನು ತೆರೆದಿಟ್ಟು ಮಲಗಿ ಅವನು ದೇಹವನ್ನು ಚಳಿಗೆ ಪಳಗಿಸತೊಡಗಿದನು. ಮಗನು ವೈದ್ಯನಾಗಬೇಕೆಂಬುದು ತಾಯಿಯ ಇಷ್ಟವಾಗಿತ್ತು. 1893ರಲ್ಲಿ ಆಕೆಯು ತೀರಿಕೊಂಡ ಬಳಿಕ ಅವನು ವೈದ್ಯಕೀಯ ವ್ಯಾಸಂಗವನ್ನು ಬಿಟ್ಟುಬಿಟ್ಟನು.

ಆದರೆ ಉತ್ಸಾಹವೊಂದೇ ಕಾಯದೆಂಬುದನ್ನು ಸ್ವದೇಶದ ಹಿಮವೇ ಅವನಿಗೆ ಕಲಿಸಿತು. 1896ರ ಚಳಿಗಾಲದಲ್ಲಿ ಅವನೂ ಅವನ ಅಣ್ಣನೂ ಹಾರ್ಡಂಗರ್ ಪ್ರಸ್ಥಭೂಮಿಯನ್ನು ಸ್ಕೀಗಳ ಮೇಲೆ ದಾಟಲು ಹೊರಟರು. ಹಿಮದ ಬಿರುಗಾಳಿಯಲ್ಲಿ ದಾರಿ ತಪ್ಪಿತು, ಆಹಾರವೂ ಇಲ್ಲವಾಯಿತು. ಒಂದು ರಾತ್ರಿ ಹಿಮದ ಗುಳಿಯೊಳಗೆ ಮಲಗಿದ್ದ ರೋಅಲ್ಡನ ಮೇಲೆ ಹಿಮವು ಕಲ್ಲಿನಂತೆ ಹೆಪ್ಪುಗಟ್ಟಿತು. ಅಣ್ಣನು ಅಗೆದು ತೆಗೆಯದಿದ್ದರೆ ಅವನು ಅಲ್ಲಿಯೇ ಮಡಿಯುತ್ತಿದ್ದನು.

ಅಮುಂಡ್ಸೆನ್ನನು ಯಾತ್ರಾಗ್ರಂಥಗಳನ್ನು ಮತ್ತೆ ಮತ್ತೆ ಓದಿದನು. ಆದರೆ ಈಗ ಅವುಗಳಲ್ಲಿ ಸೋಲಿನ ಕಾರಣಗಳನ್ನು ಹುಡುಕಿದನು. ಅನೇಕ ಯಾತ್ರೆಗಳಲ್ಲಿ ತಂಡದ ಮುಖಂಡನೊಬ್ಬ, ಹಡಗಿನ ಕಪ್ತಾನನೊಬ್ಬ. ಇದರಿಂದ ಅಧಿಕಾರವು ಇಬ್ಭಾಗವಾಗಿ ಕಲಹವುಂಟಾಗುತ್ತಿದ್ದಿತೆಂದು ಅವನು ಕಂಡುಕೊಂಡನು. ಆದುದರಿಂದ ಅವನು ಸೀಲ್ ಬೇಟೆಯ ಹಡಗಿನಲ್ಲಿ ಸಾಮಾನ್ಯ ನಾವಿಕನಾಗಿ ದುಡಿದು, ಮುಂದೆ ಕಪ್ತಾನನ ಅರ್ಹತೆಯನ್ನು ಪಡೆದನು.

ಈ ಓದಿನ ಫಲವು 1903ರಲ್ಲಿ ಕಾಣಬಂದಿತು. ಆ ವರ್ಷ ಅವನು ಆರು ಮಂದಿ ಸಂಗಡಿಗರೊಡನೆ ‘ಯೋಆ’ ಎಂಬ ಸಣ್ಣ ಹಡಗಿನಲ್ಲಿ ವಾಯವ್ಯ ಜಲಮಾರ್ಗವನ್ನು ಅರಸಿ ಹೊರಟು, ಕಿಂಗ್ ವಿಲಿಯಂ ದ್ವೀಪದಲ್ಲಿ ಎರಡು ಚಳಿಗಾಲಗಳನ್ನು ಕಳೆದನು. ಫ್ರಾಂಕ್ಲಿನ್ನನ ಕಡೆಯ ಯಾತ್ರೆಯು ನಾಶವಾದುದು ಇದೇ ಸ್ಥಳದಲ್ಲಿ. 1845ರಲ್ಲಿ ಹೊರಟ ಎರಡು ದೊಡ್ಡ ಹಡಗುಗಳು ಈ ದ್ವೀಪದ ಬಳಿ ಹಿಮದಲ್ಲಿ ಸಿಕ್ಕಿಬಿದ್ದು, ಅವುಗಳಲ್ಲಿದ್ದ 129 ಮಂದಿಯಲ್ಲಿ ಒಬ್ಬನೂ ಹಿಂದಿರುಗಲಿಲ್ಲ. ಅಮುಂಡ್ಸೆನ್ನನಾದರೋ ನೆಟ್ಸಿಲಿಕ್ ಇನ್ಯೂಟ್ ಜನರನ್ನು ಗುರುಗಳನ್ನಾಗಿ ಮಾಡಿಕೊಂಡನು. ಹಿಮಸಾರಂಗದ ತೊಗಲಿನ ಉಡುಪನ್ನು ತೊಡುವುದು, ಹಿಮದ ಮನೆಯನ್ನು ಕಟ್ಟುವುದು, ನಾಯಿಗಳ ಜಾರುಬಂಡಿಯನ್ನು ನಡೆಯಿಸುವುದು ಇವುಗಳನ್ನು ಕಲಿತನು. ಆ ಎರಡು ಚಳಿಗಾಲಗಳಲ್ಲಿ ಅವನ ತಂಡದವರಾರೂ ಸಾಯಲಿಲ್ಲ. 1906ರಲ್ಲಿ ‘ಯೋಆ’ವು ಪಶ್ಚಿಮ ಸಮುದ್ರವನ್ನು ಮುಟ್ಟಿತು. ಇಲ್ಲಿ ಕಲಿತ ವಿದ್ಯೆಯ ಬಲದಿಂದಲೇ 1911ರ ಡಿಸೆಂಬರ್ 14ರಂದು ಅವನು ನಾಲ್ವರೊಡನೆ ದಕ್ಷಿಣಧ್ರುವವನ್ನು ಸೇರಿದನು.

ಫ್ರಾಂಕ್ಲಿನ್ನನ ಗ್ರಂಥದಲ್ಲಿ ಕಷ್ಟವೂ ಇದ್ದಿತು, ಆ ಕಷ್ಟದಿಂದ ಪಾರುಮಾಡಿದ ಸ್ಥಳೀಯರ ಅರಿವೂ ಇದ್ದಿತು. ಹದಿನೈದರ ಬಾಲಕನಿಗೆ ಮೊದಲನೆಯದು ಮಾತ್ರ ಕಂಡಿತು; ಎರಡನೆಯದನ್ನು ಕಾಣಲು ಹಿಮದಲ್ಲಿ ಹೂತುಹೋದ ಒಂದು ರಾತ್ರಿಯೂ ಹಲವು ವರ್ಷಗಳ ದುಡಿಮೆಯೂ ಬೇಕಾದುವು. ತರುಣರ ಕೈಗೆ ಸಾಹಸಗ್ರಂಥವನ್ನು ಕೊಡುವವರು ಅಂಜಬೇಕಾಗಿಲ್ಲ. ಮಡಿದವರು ಏತಕ್ಕೆ ಮಡಿದರು, ಅದೇ ನೆಲದಲ್ಲಿ ಇತರರು ಹೇಗೆ ಬಾಳಿದರು ಎಂಬ ಪ್ರಶ್ನೆಗಳನ್ನು ಗ್ರಂಥದೊಡನೆಯೇ ಅವರಿಗೆ ಕೊಟ್ಟರೆ ಸಾಕು.