ಪಡಸಾಲೆಯ ಗೋಡೆಗೆ ಬಂದ ಪಂಡಿತರು

ಹೊಸ ವರ್ಷ ಬಂದೊಡನೆ ಹಳೆಯ ಕ್ಯಾಲೆಂಡರನ್ನು ತೆಗೆದೊಗೆಯುವುದು ಲೋಕರೂಢಿ. ಆದರೆ ತಾರೀಖಿನ ಹಾಳೆಗಳೆಲ್ಲ ಹರಿದುಹೋದ ಮೇಲೂ ಮೇಲಿನ ಚಿತ್ರವನ್ನು ಕತ್ತರಿಸಿ, ಕಟ್ಟು ಹಾಕಿಸಿ, ಹೂವೇರಿಸಿ ಇಟ್ಟುಕೊಂಡ ಮನೆಗಳು ನಮ್ಮ ನಾಡಿನಲ್ಲಿ ಎಷ್ಟಿಲ್ಲ! ತಮ್ಮ ಕುಂಚಕ್ಕೆ ಅಂಥ ಭಾಗ್ಯವನ್ನು ಪಡೆದ ಕಲಾವಿದರಲ್ಲಿ ಕಲಬುರಗಿಯ ಎಸ್. ಎಂ. ಪಂಡಿತರು ಅಗ್ರಗಣ್ಯರು.

ಚಿಂಚೋಳಿ ತಾಲ್ಲೂಕಿನ ನಮ್ಮ ಐನಾಪುರದಲ್ಲಿ ನನ್ನ ಬಾಲ್ಯಕಾಲದಲ್ಲಿ ಚಿತ್ರಶಾಲೆಯ ಮಾತೇ ಇರಲಿಲ್ಲ. ತೊಗರಿ ಮಾರಲು ಕಲಬುರಗಿಯ ಅಡತಿ ಅಂಗಡಿಗೆ ಹೋಗಿದ್ದ ತಂದೆಯವರು ಒಮ್ಮೆ ಸುರುಳಿ ಸುತ್ತಿದ ಕ್ಯಾಲೆಂಡರೊಂದನ್ನು ತಂದರು. ಅದನ್ನು ಬಿಚ್ಚಿದಾಗ ಕಂಡವರು ರಾಧಾಕೃಷ್ಣರು. ಕಂದೀಲಿನ ಮಂದ ಬೆಳಕಿನಲ್ಲಿಯೂ ಆ ಮುಖಗಳು ಒಳಗಿನಿಂದಲೇ ಬೆಳಗುವಂತೆ ತೋರುತ್ತಿದ್ದವು. ರಾಧೆಯ ಸೆರಗಿನ ಮಡಿಕೆಗಳನ್ನು ಸ್ಲೇಟಿನ ಮೇಲೆ ಬರೆಯಲು ನಾನು ಎಷ್ಟು ಸಂಜೆಗಳನ್ನು ಕಳೆದೆನೋ! ವರ್ಷ ಮುಗಿದು ಚಿತ್ರವನ್ನು ಇಳಿಸಹೋದಾಗ ಅವ್ವ ತಡೆದಳು: “ದೇವರಿಗೂ ತಾರೀಖು ಮುಗೀತದೇನಪ್ಪಾ?”

ಚಿತ್ರದ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರಗಳ ಪುಟ್ಟ ರುಜುವೊಂದಿತ್ತು. ಅದನ್ನು ಕೂಡಿಸಿ ಓದಲು ಬಂದ ದಿನ ಶಾಲೆಯ ಮಾಸ್ತರರನ್ನು ಕೇಳಿದೆ. “ಅವರು ನಮ್ಮ ಜಿಲ್ಲೆಯವರೇ” ಎಂದರು. ಆ ಒಂದು ಮಾತಿನಿಂದ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

1916ರಲ್ಲಿ ಕಲಬುರಗಿಯಲ್ಲಿ ಜನಿಸಿದ ಪಂಡಿತರು ಕಲೆಯನ್ನರಸಿ ಮುಂಬಯಿಗೆ ಹೋದರು. ಅಲ್ಲಿ ಚಲನಚಿತ್ರಗಳ ಭಿತ್ತಿಪತ್ರಗಳನ್ನೂ ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಚಿತ್ರಗಳನ್ನೂ ರಚಿಸಿ ಹೆಸರಾದರು. ಬೆಳ್ಳಿತೆರೆಯ ಬೆಳಕು ನೆರಳುಗಳ ಮಾಯೆಯನ್ನು ಅರಿತಿದ್ದ ಆ ಕೈ, ನಳ ದಮಯಂತಿಯರನ್ನೂ ಶಿವ ಪಾರ್ವತಿಯರನ್ನೂ ಬರೆದಾಗ ಪುರಾಣಕ್ಕೆ ರಕ್ತಮಾಂಸಗಳು ಕೂಡಿಬಂದವು. ಕನ್ಯಾಕುಮಾರಿಯ ಸ್ಮಾರಕಕ್ಕಾಗಿ ಅವರು ಸ್ವಾಮಿ ವಿವೇಕಾನಂದರ ಚಿತ್ರವನ್ನೂ ರಚಿಸಿದರು. ಕೀರ್ತಿ ಗಳಿಸಿದ ಬಳಿಕ ಹುಟ್ಟೂರಿಗೆ ಮರಳಿದ ಅವರು 1993ರಲ್ಲಿ ಕಾಲವಾದರು.

‘ಕ್ಯಾಲೆಂಡರ್ ಕಲೆ’ ಎಂದು ಮೂಗುಮುರಿದ ಪಂಡಿತಮ್ಮನ್ಯರಿಗೆ ಕೊರತೆಯಿರಲಿಲ್ಲ. ಮುಂದೆ ಅವರ ಮೂಲಕೃತಿಗಳನ್ನು ಕಣ್ಣಾರೆ ಕಂಡಾಗ ನನಗೆ ಬೇರೆಯೇ ವ್ಯಥೆಯಾಯಿತು. ಅಚ್ಚಿನಲ್ಲಿ ಗಾಢವಾಗಿ ಕಣ್ಣಿಗೆ ಹೊಡೆಯುತ್ತಿದ್ದ ಬಣ್ಣಗಳು ಮೂಲದಲ್ಲಿ ಎಷ್ಟು ಮೃದು, ಒಂದರೊಳಗೊಂದು ಕರಗುವ ಬಗೆ ಎಷ್ಟು ಸೂಕ್ಷ್ಮ! ಅಚ್ಚನ್ನು ನೋಡಿ ಕಲಾವಿದನನ್ನು ಅಳೆದವರು ಅರ್ಧವನ್ನಷ್ಟೇ ಕಂಡಿದ್ದರು. ಆದರೆ ಆ ಅರ್ಧವೇ ಐನಾಪುರದಂಥ ಊರುಗಳ ಕಣ್ಣು ತೆರೆಸಲು ಸಾಕಾಯಿತು. ರಾಜರ ಅರಮನೆಗೂ ಸಿರಿವಂತರ ಹಜಾರಕ್ಕೂ ಮೀಸಲಾಗಿದ್ದ ಚಿತ್ರಕಲೆ, ಒಂದು ಚೀಲ ತೊಗರಿಯ ವ್ಯಾಪಾರದೊಡನೆ ಬಡವನ ಪಡಸಾಲೆಗೂ ಬಂತು. ಇದು ಸಣ್ಣ ಸಾಧನೆಯೇ?

ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಅದು ಸಲ್ಲತಕ್ಕ ಗೌರವ. ಕಾಗದದ ಮೇಲಿನ ಚಿತ್ರಗಳಿಗೆ ಮಾತ್ರ ಕಲ್ಲುಕಟ್ಟಡದ ಆಯುಷ್ಯವಿಲ್ಲ. ಗೆದ್ದಲೂ ಬಿಸಿಲೂ ಅವನ್ನು ದಿನದಿನಕ್ಕೆ ತಿನ್ನುತ್ತಿವೆ. ಅಟ್ಟದ ಮೇಲೆಲ್ಲೋ ಮಾಸಿದ ಚಿತ್ರವೊಂದು ಸಿಕ್ಕರೆ, ರದ್ದಿಯವನಿಗೆ ಕೊಡುವ ಮುನ್ನ ಅದರ ಮೂಲೆಯ ರುಜುವನ್ನು ಓದುಗರು ಒಮ್ಮೆ ನೋಡುವರೇ?